ಬೇಸಿಗೆಯಲ್ಲಿ ಮನೆ, ಮಕ್ಕಳು ಮತ್ತು ನೀರು

(ಯುವಕ ಸಂಘ ಮತ್ತು ಮಹಿಳಾ ಸಂಘದವರ ಕೂಡು ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ನಾನು ಎದ್ದು ನಿಂತರೆ ಬೀಜ, ಗೊಬ್ಬರ, ಹುಳುವಿನ ಔಷಧಿ ಇವುಗಳ ಮಾತು ಬರುವುದೆಂದು ತಾವು ತಿಳಿದಿದ್ದೀರಿ. ಈ ದಿನ ಹಾಗಿಲ್ಲ. ಶಾಲೆಗೆ ರಜೆ ಬಿಟ್ಟಿದೆ, ಮಕ್ಕಳು ಬೀದಿಗೆ ಬಿದ್ದಿದ್ದಾರೆ, ಬಿಸಿಲು ಏರಿದೆ. ಬೇಸಿಗೆಯ ಎರಡು ತಿಂಗಳು ಸಣ್ಣ ಮಕ್ಕಳಿರುವ ಸಂಸಾರದವರು ಮನೆಯನ್ನೂ ಹಿತ್ತಲನ್ನೂ ಹೇಗೆ ನಡೆಸಬೇಕು ಎಂಬುದನ್ನು ಹೇಳಿರೆಂದು ಅಧ್ಯಕ್ಷರು ಅಪ್ಪಣೆ ಕೊಟ್ಟಿದ್ದಾರೆ. ಮನೆ ನಡೆಸಿದ ಹಿರಿಯರು ಇಷ್ಟು ಜನ ಇಲ್ಲಿ ಕುಳಿತಿರುವಾಗ ನನ್ನಂಥವನು ಏನು ಹೇಳಬೇಕು? ಎರಡು ವರ್ಷ ಕೃಷಿ ಡಿಪ್ಲೊಮಾ ಓದಿದ್ದೇನೆ, ಮದುವೆಯಾಗಿ ಏಳು ವರ್ಷವಾಗಿದೆ, ಐದು ವರ್ಷದ ಮಗಳಿದ್ದಾಳೆ. ನನ್ನ ಹುದ್ದೆಗೆ ಕಾಗದದ ಮೇಲೆ ಏನೇ ಹೆಸರಿರಲಿ, ಇಲ್ಲಿನ ಹಿರಿಯರು ಗ್ರಾಮಸೇವಕ ಎಂದೇ ಕೂಗುತ್ತಾರೆ. ಆ ಸಲಿಗೆಯಿಂದ ನಮ್ಮ ಮನೆಯಲ್ಲಿ ಕಳೆದ ಬೇಸಿಗೆ ನಡೆದುದನ್ನು ನಡೆದಂತೆ ಹೇಳುತ್ತೇನೆ.

ಮೊದಲು ಹಿತ್ತಲಿನ ಮಾತು.

ನಾವು ಬಾಡಿಗೆಗೆ ಇರುವ ಮನೆಯ ಹಿಂದೆ ಇಪ್ಪತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಜಾಗವಿದೆ. ನಾವು ಬಂದಾಗ ಅಲ್ಲಿ ಪಾರ್ಥೇನಿಯಂ ಗಿಡವೂ ಒಡೆದ ಹೆಂಚೂ ಮಾತ್ರ ಇದ್ದವು. ಊರಿನ ನಲ್ಲಿ ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಬರುತ್ತದೆ. "ಕುಡಿಯಲಿಕ್ಕೇ ಎಣಿಸಿ ನೀರು, ಇನ್ನು ಗಿಡಕ್ಕೆಲ್ಲಿ ತರುತ್ತೀಯೆ?" ಎಂದು ನಮ್ಮ ತಾಯಿ ಕೇಳಿದರು. ನಾನು ಒಂದು ದಿನ ಬಚ್ಚಲ ಬಾಯಿಗೆ ಬಕೆಟ್ಟು ಇಟ್ಟು ಅಳೆದು ನೋಡಿದೆ. ನಾಲ್ಕು ಜನರ ಸ್ನಾನ, ಪಾತ್ರೆ ತೊಳೆದದ್ದು, ಅಕ್ಕಿ ಬೇಳೆ ತೊಳೆದದ್ದು ಎಲ್ಲ ಸೇರಿ 12 ಕೊಡ ನೀರು ಚರಂಡಿಗೆ ಹೋಗುತ್ತಿದ್ದಿತು. ಅದೇ ನಮ್ಮ ಹಿತ್ತಲಿನ ಬೋರು ಎಂದು ತಿಳಿದುಕೊಂಡೆವು.

ಬಚ್ಚಲ ನೀರನ್ನು ಹಾಗೆಯೇ ಗಿಡದ ಬುಡಕ್ಕೆ ಬಿಡಕೂಡದು. ಬಚ್ಚಲ ಬಾಯಲ್ಲಿ ಎರಡು ಅಡಿ ಗುಂಡಿ ತೆಗೆದು, ತಳಕ್ಕೆ ಇಟ್ಟಿಗೆ ಚೂರು, ಅದರ ಮೇಲೆ ಸಣ್ಣ ಕಲ್ಲು, ಮೇಲೆ ಮರಳು ತುಂಬಿದೆವು. ಗುಂಡಿಯ ಪಕ್ಕದಲ್ಲಿ ಕೆಸುವಿನ ಗೆಡ್ಡೆ, ಕಾಬಾಳೆ ನೆಟ್ಟೆವು. ಅಲ್ಲಿಂದ ಸಣ್ಣ ಕಾಲುವೆಯಲ್ಲಿ ನೀರು ಮೂರು ಬಾಳೆಗೆ, ಅಲ್ಲಿಂದ ಎರಡು ಪರಂಗಿಗೆ, ಕೊನೆಗೆ ನುಗ್ಗೆಗೆ ಹೋಗುತ್ತದೆ. ಬಟ್ಟೆ ಒಗೆದ ಸೋಡಾ ನೀರನ್ನು ಇದಕ್ಕೆ ಬಿಡುವುದಿಲ್ಲ. ಬಿಟ್ಟರೆ ಮಣ್ಣು ಜವಳಾಗಿ ಮೇಲೆ ಹೆಪ್ಪುಗಟ್ಟುತ್ತದೆ. ಪರಂಗಿಯ ಬುಡದಲ್ಲಿ ನೀರು ನಿಂತರೆ ಬುಡ ಕೊಳೆಯುತ್ತದೆ. ಆದ್ದರಿಂದ ಬುಡಕ್ಕೆ ಮಣ್ಣು ಏರಿಸಿ ಪಾತಿಯನ್ನು ಸ್ವಲ್ಪ ದೂರದಲ್ಲಿ ಮಾಡಬೇಕು. ಇದನ್ನು ನಾನು ಓದಿದ್ದೆ. ಆದರೂ ಮೊದಲ ಪರಂಗಿ ನನ್ನ ಕೈಯಲ್ಲೇ ಕೊಳೆತು ಹೋಯಿತು.

ಸೊಪ್ಪಿಗೂ ಬೆಂಡೆಗೂ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು. ಒಲೆಗೆ ಏರದ ಹಳೆಯ ಮಣ್ಣಿನ ಗಡಿಗೆ ಇದ್ದರೆ ಎಸೆಯಬೇಡಿರಿ. ಕತ್ತಿನವರೆಗೆ ಮಣ್ಣಿನಲ್ಲಿ ಹೂಳಿ, ನೀರು ತುಂಬಿ, ಬಾಯಿಗೆ ಹೆಂಚು ಮುಚ್ಚಿರಿ. ಸುತ್ತ ನಾಲ್ಕು ಗಿಡ ನೆಟ್ಟರೆ ಗಡಿಗೆಯ ಮೈಯಿಂದ ಒಸರುವ ತೇವದಲ್ಲೇ ಅವು ಬದುಕುತ್ತವೆ. ನಾವು ಎರಡು ಮೂರು ದಿನಕ್ಕೊಮ್ಮೆ ತುಂಬುತ್ತೇವೆ. ಬುಡಕ್ಕೆ ಶೇಂಗಾ ಸಿಪ್ಪೆ ಮೂರು ಬೆರಳು ದಪ್ಪ ಹರಡಿದ್ದೇವೆ. ನೀರು ಹಾಕುವುದು ಸೂರ್ಯ ಇಳಿದ ಮೇಲೆ.

ಬೆಂಡೆಯ ಮಡಿ ಮಗಳದು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ತಂದ ಅರ್ಕಾ ಅನಾಮಿಕ ಬೀಜ ಹಾಕಿದೆವು. ಎಲೆಯ ನರ ಹಳದಿಯಾಗುವ ನಂಜು ರೋಗವನ್ನು ತಡೆದುಕೊಳ್ಳುವ ತಳಿ ಅದು. ರಾತ್ರಿ ನೆನೆಸಿ ಬೆಳಿಗ್ಗೆ ಊರುವಾಗ ಒಂದೊಂದು ಕುಳಿಗೆ ಎರಡೆರಡು ಬೀಜ ಎಂದು ಹೇಳಿಕೊಟ್ಟೆ. ಅವಳು ಒಂದರಲ್ಲಿ ಹನ್ನೊಂದು ಹಾಕಿ "ಇವು ಅಣ್ಣತಮ್ಮಂದಿರು, ಜೊತೆಯಲ್ಲೇ ಇರಲಿ" ಎಂದಳು. ಅವಳಿಗೆ ಒಂದು ಸಣ್ಣ ಚೊಂಬು ಕೊಟ್ಟಿದ್ದೇವೆ. ಬೆಳಿಗ್ಗೆ ಎದ್ದು ಮೊಬೈಲು ಕೇಳುತ್ತಿದ್ದ ಮಗು ಈಗ ಚೊಂಬು ಹುಡುಕುತ್ತದೆ. ನಲವತ್ತೆಂಟನೆಯ ದಿನ ಮೊದಲ ಕಾಯಿ ಕಿತ್ತೆವು. ಮನೆಗೆ ಎಷ್ಟು ಹಣ ಉಳಿಯಿತೆಂದು ನಾನು ಲೆಕ್ಕ ಬರೆದಿಲ್ಲ. ವಾರಕ್ಕೆ ನಾಲ್ಕು ದಿನ ಸೊಪ್ಪು ತರಕಾರಿ ಕೊಳ್ಳುವುದು ತಪ್ಪಿದೆ ಎಂದು ಮನೆಯಾಕೆ ಹೇಳುತ್ತಾಳೆ.

ಈ ಚೊಂಬಿನ ಮಾತು ಇರಲಿ, ಮುಂದೆ ಬೇಕಾಗುತ್ತದೆ.

ರಜೆ ಬಂದಮೇಲೆ ಎಲ್ಲಾದರೂ ಹೋಗಬೇಕೆಂದು ಮಗಳು ಹಟ ಹಿಡಿದಳು. ದೂರದ ಊರಿಗೆ ಹೋಗುವಷ್ಟು ಹಣವಿಲ್ಲ. ಏಪ್ರಿಲ್ ತಿಂಗಳ ಒಂದು ಭಾನುವಾರ ಬುತ್ತಿ ಕಟ್ಟಿಕೊಂಡು ಹಿರಿಯೂರಿನಿಂದ ವಾಣಿವಿಲಾಸ ಸಾಗರಕ್ಕೆ ಹೋದೆವು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಮೊಸರನ್ನ, ಎರಡು ಬಾಟಲಿ ಮಜ್ಜಿಗೆ. ಖರ್ಚೆಲ್ಲ ಬಸ್ಸಿನದು ಮತ್ತು ಒಂದು ಬುಗ್ಗೆಯದು.

ನಮ್ಮ ಸೀಮೆಯವರು ಮಾರಿಕಣಿವೆಯನ್ನು ಎಷ್ಟು ಸಲ ನೋಡಿದರೂ ಮತ್ತೆ ನೋಡುತ್ತಾರೆ. ಅದಕ್ಕೆ ಕಾರಣವೂ ಉಂಟು. ಎರಡು ಗುಡ್ಡದ ಸಂದಿನಲ್ಲಿ ವೇದಾವತಿಯನ್ನು ತಡೆದು ಮೈಸೂರಿನವರು ಕಟ್ಟಿಸಿದ ಈ ಅಣೆಕಟ್ಟು 1907ರಲ್ಲಿ ಪೂರೈಸಿತು. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಇಟ್ಟರು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು. ಆಮೇಲೆ ಕೋಡಿ ನೋಡಬೇಕೆಂದು ಎರಡು ತಲೆಮಾರು ಕಾದಿತು. 2022ರ ಸೆಪ್ಟೆಂಬರಿನಲ್ಲಿ, ಅಂದರೆ 89 ವರ್ಷದ ಮೇಲೆ, ಮತ್ತೆ ಕೋಡಿ ಬಿದ್ದಾಗ ಟ್ರಾಕ್ಟರು ಕಟ್ಟಿಕೊಂಡು ಹೋಗಿ ನೋಡಿ ಕಣ್ಣೀರು ಹಾಕಿದ ಮುದುಕರು ಈ ಸಭೆಯಲ್ಲಿಯೇ ಇದ್ದಾರೆ.

ಅಷ್ಟು ನೀರನ್ನು ಕಂಡು ಮಗಳು ಬಾಯಿ ಬಿಟ್ಟುಕೊಂಡು ನಿಂತಳು. ಕಣಿವೆ ಮಾರಮ್ಮನಿಗೆ ಕೈಮುಗಿದು, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಆ ದಿನ ಇಡೀ ಹೊತ್ತು ಅವಳ ಕೈ ನನ್ನ ಕೈಯಲ್ಲಿ, ಇಲ್ಲವೆ ಅವಳ ತಾಯಿಯ ಕೈಯಲ್ಲಿ ಇದ್ದಿತು. ಒಂದು ಗಳಿಗೆಯಾದರೂ ಬಿಟ್ಟ ನೆನಪಿಲ್ಲ. ದೊಡ್ಡ ನೀರು ಕಂಡರೆ ಯಾರಿಗೂ ಹೇಳಿಕೊಡದೆ ಭಯ ಬರುತ್ತದೆ.

ಅದರ ಮುಂದಿನ ವಾರ ಮಾವನವರ ಊರಿನ ಜಾತ್ರೆಗೆ ಹೋದೆವು.

ಮಾವನವರ ತೋಟ ಊರಿಗೆ ಒಂದು ಮೈಲಿ. ಅಡಕೆ, ಅದರ ನಡುವೆ ಬಾಳೆ. ಬೋರಿನಲ್ಲಿ ನೀರು ಕಡಿಮೆ, ಕರೆಂಟು ಬರುವುದು ಅಪರಾತ್ರಿ. ಆದ್ದರಿಂದ ರಾತ್ರಿ ಬಂದ ನೀರನ್ನು ಹೊಂಡಕ್ಕೆ ತುಂಬಿಸಿಕೊಂಡು, ಹಗಲು ಸಣ್ಣ ಮೋಟರಿನಿಂದ ಡ್ರಿಪ್ಪಿಗೆ ಬಿಡುತ್ತಾರೆ. ಹತ್ತು ಮೀಟರು ಉದ್ದ, ಹತ್ತು ಮೀಟರು ಅಗಲ, ಮೂರು ಮೀಟರು ಆಳದ ಕೃಷಿ ಹೊಂಡ. ಇಳಿಜಾರನ್ನು ಕಳೆದರೂ ತುಂಬಿದಾಗ ಒಂದೂವರೆ ಲಕ್ಷ ಲೀಟರು ನೀರು ಹಿಡಿಯುತ್ತದೆ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ. ಈ ಹೊಂಡವನ್ನು ತೋಡಿಸಿರೆಂದು ಮಾವನವರನ್ನು ಒಪ್ಪಿಸಿದವನು ನಾನು. ಈ ಸಭೆಯಲ್ಲಿ ಎಷ್ಟು ಜನಕ್ಕೆ ಅದೇ ಮಾತು ಹೇಳಿದ್ದೇನೆಂಬುದು ನಿಮಗೆ ಗೊತ್ತೇ ಇದೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಮಳೆ ಕಾಣದ ಸೀಮೆಯಲ್ಲಿ ಹೊಂಡದಿಂದ ಬೆಳೆ ಉಳಿಸಿಕೊಂಡವರು ಬಹಳ. ಆ ಮಾತನ್ನು ನಾನು ಈಗಲೂ ಹಿಂದೆಗೆಯುವುದಿಲ್ಲ.

ಜಾತ್ರೆಯ ಮರುದಿನ ತೋಟದಲ್ಲಿ ಊಟ. ನಾವು ಹದಿಮೂರು ಜನ ದೊಡ್ಡವರಿದ್ದೆವು. ಗಂಡಸರು ಬೇವಿನ ಮರದ ಕೆಳಗೆ, ಹೆಂಗಸರು ಮೋಟರು ಮನೆಯ ಹತ್ತಿರ. ನಾನು ಭಾವಮೈದನಿಗೆ ಡ್ರಿಪ್ಪಿನ ಫಿಲ್ಟರು ಹೇಗೆ ತೊಳೆಯಬೇಕೆಂದು ವಿವರಿಸುತ್ತಿದ್ದೆ. ಅಡಕೆ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಮಲ್ಲಿಗೆ ಗಿಡ ಬಾಡಿದ್ದನ್ನು ಮಗಳು ಕಂಡಿದ್ದಾಳೆ. ಮನೆಯಲ್ಲಿ ಬೆಂಡೆಗೆ ನೀರು ಹಾಕುವವಳಲ್ಲವೆ? ಊಟದ ಲೋಟ ತೆಗೆದುಕೊಂಡು ನೀರು ತರಲು ಹೊಂಡಕ್ಕೆ ಹೋಗಿದ್ದಾಳೆ.

ಕೂಗು ಕೇಳಲಿಲ್ಲ. ನೀರಿನ ಸದ್ದೂ ಕೇಳಲಿಲ್ಲ. ಇದನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ನೀರಿಗೆ ಬಿದ್ದ ಮಗು ಕಾಪಾಡಿರೆಂದು ಕೂಗುತ್ತದೆ, ಕೈಬೀಸುತ್ತದೆ ಎಂದು ನಾವು ತಿಳಿದಿದ್ದೇವೆ. ಬಾಯಿ ನೀರಿನ ಮಟ್ಟದಲ್ಲಿರುವಾಗ ಉಸಿರಿಗೇ ಬಿಡುವಿಲ್ಲ, ಕೂಗುವುದು ಎಲ್ಲಿಂದ? ನನ್ನ ಹೆಂಡತಿ ಪಾತ್ರೆ ತೊಳೆಯಲು ಎದ್ದವಳು ಮಗಳು ಕಾಣುವುದಿಲ್ಲವೆಂದು ಸುತ್ತ ನೋಡಿದ್ದಾಳೆ. ಹೊಂಡದ ಏರಿಯ ಮೇಲೆ ಒಂದು ಚಪ್ಪಲಿ ಕಂಡಿದೆ.

ಅವಳ ಕೂಗಿಗೆ ನಾನು ಓಡಿದೆ. ಫ್ರಾಕಿನ ಒಳಗೆ ಗಾಳಿ ಸಿಕ್ಕಿದ್ದರಿಂದ ಮಗು ಇನ್ನೂ ತೇಲುತ್ತಿದ್ದಳು, ಮುಖ ಮಾತ್ರ ಒಳಗೆ ಹೊರಗೆ ಆಗುತ್ತಿದ್ದಿತು. ಹಿಂದುಮುಂದು ನೋಡದೆ ಧುಮುಕಿದೆ, ಹಿಡಿದೆ. ನಾನು ಕೆರೆಯಲ್ಲಿ ಈಜು ಕಲಿತವನು. ನೀರು ಏಳು ಅಡಿ ಇದ್ದಿತು. ಇನ್ನೇನು, ಎತ್ತಿಕೊಂಡು ಹತ್ತಿಬಿಡುವೆನೆಂದು ಅಂಚಿಗೆ ಬಂದರೆ, ಸ್ವಾಮಿ, ಹತ್ತಲು ಆಗಲಿಲ್ಲ. ಹಾಳೆಯ ಮೇಲೆ ಪಾಚಿ. ಕಾಲಿಟ್ಟರೆ ಜಾರುತ್ತದೆ, ಕೈಯೂರಿದರೆ ಜಾರುತ್ತದೆ, ಹಿಡಿಯಲು ಒಂದು ಹುಲ್ಲುಕಡ್ಡಿ ಇಲ್ಲ. ಕೆರೆಯಲ್ಲಾದರೆ ಕಲ್ಲೋ ಬೇರೋ ಸಿಕ್ಕುತ್ತದೆ. ನಾಲ್ಕು ಸಲ ಜಾರಿದೆ. ಒಂದು ಕೈಯಲ್ಲಿ ಮಗುವನ್ನು ಮೇಲೆತ್ತಿ ಹಿಡಿದಿದ್ದೆ. ಆ ಕೈ ಸೋಲುತ್ತಿರುವುದು ನನಗೆ ಗೊತ್ತಾಗುತ್ತಿದ್ದಿತು. ಭಾವಮೈದ ಅಂಗಿ ಬಿಚ್ಚಿ ಧುಮುಕಲು ಬಂದ. ನನ್ನ ಹೆಂಡತಿ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. "ನೀನೂ ಹೋಗಬ್ಯಾಡ, ಪೈಪು ಎಸಿ" ಎಂದಳು. ಏರಿಯ ಮೇಲೆ ಬಿದ್ದಿದ್ದ ಡ್ರಿಪ್ ಪೈಪಿನ ಸುರುಳಿಯನ್ನು ತಾನೇ ಎಸೆದಳು. ಅದನ್ನು ಹಿಡಿದು ತೇಲಿಕೊಂಡಿದ್ದೆ. ಅಷ್ಟರಲ್ಲಿ ಮಾವನವರು ಬೋರಿಗೆ ಮೋಟರು ಇಳಿಸುವ ಹಗ್ಗ ತಂದರು. ಮೊದಲು ಮಗು, ಆಮೇಲೆ ನಾನು.

ಮಗು ಕೆಮ್ಮಿದಳು, ಕಾರಿಕೊಂಡಳು, ಅತ್ತಳು. ಆ ಅಳು ಕೇಳಿ ನಾವು ಹದಿಮೂರು ಜನವೂ ಅತ್ತೆವು. ಆರಾಮಾಗಿದ್ದಾಳೆ, ಮನೆಗೆ ಹೋಗೋಣ ಎಂದು ಕೆಲವರೆಂದರು. ಹಾಗೆ ಮಾಡಕೂಡದು. ಶ್ವಾಸಕೋಶಕ್ಕೆ ನೀರು ಹೋಗಿದ್ದರೆ ಕೆಲವು ತಾಸು ಕಳೆದ ಮೇಲೆ ಉಸಿರು ಕಟ್ಟುವುದುಂಟು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಒಂದು ರಾತ್ರಿ ಇಟ್ಟುಕೊಂಡು ಬೆಳಿಗ್ಗೆ ಕಳುಹಿಸಿದರು.

ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಹೆಂಡತಿ ಹೆಚ್ಚು ಮಾತಾಡಲಿಲ್ಲ. ಒಂದೇ ಮಾತು ಕೇಳಿದಳು: "ಹೊಂಡ ಎಷ್ಟು ಅಗಲ, ಎಷ್ಟು ಆಳ, ಯಾವ ಹಾಳೆ, ಎಲ್ಲಾ ಹೇಳಿದ್ರಲ್ಲ, ಬಿದ್ದವರು ಹತ್ತೋದು ಹೆಂಗೆ ಅಂತ ಯಾಕೆ ಹೇಳಲಿಲ್ಲ?" ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಮಾತನ್ನೇ ನಾನು ಈ ದಿನ ನಿಮ್ಮ ಮುಂದೆ ಹೇಳಲು ನಿಂತಿರುವುದು. ಒಂದು ವರ್ಷ ತಡವಾಯಿತು. ನಾಚಿಕೆಯೇ ಕಾರಣ.

ಇದು ನಮ್ಮೊಬ್ಬರ ಸಂಕಟವಲ್ಲ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರೆಂದೂ, ಅವರಲ್ಲಿ ನಾಲ್ಕರಲ್ಲಿ ಒಂದು ಪಾಲು ಐದು ವರ್ಷ ತುಂಬದ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯವರು ಲೆಕ್ಕ ಹಾಕಿದ್ದಾರೆ. ಬೇಸಿಗೆ ರಜೆಯಲ್ಲಿ ಅಜ್ಜಿಯ ಊರಿಗೆ ಬಂದ ಮಕ್ಕಳ ಸುದ್ದಿಯನ್ನು ಪತ್ರಿಕೆಯಲ್ಲಿ ತಾವೂ ಓದುತ್ತೀರಿ. ಒಬ್ಬನನ್ನು ಎತ್ತಲು ಹೋಗಿ ಇಬ್ಬರು ಮೂವರು ಹೋದರೆಂದು ಬರೆದಿರುತ್ತಾರೆ. ಹೇಗೆ ಹೋಗುತ್ತಾರೆಂಬುದು ನನಗೆ ಈಗ ತಿಳಿದಿದೆ.

ಮಾವನವರ ಹೊಂಡಕ್ಕೆ ಮರುವಾರವೇ ಹೋಗಿ ನಾವು ಮಾಡಿದ್ದನ್ನು ಹೇಳುತ್ತೇನೆ. ನಾಲ್ಕೂ ಬದಿಗೆ ಒಂದೊಂದು ಕಲ್ಲುಕಂಬ ನೆಟ್ಟು, ಹೆಬ್ಬೆರಳು ದಪ್ಪದ ನೈಲಾನ್ ಹಗ್ಗ ಕಟ್ಟಿ, ತುದಿ ಹೊಂಡದ ತಳ ಮುಟ್ಟುವಂತೆ ಇಳಿಬಿಟ್ಟೆವು. ಹಗ್ಗಕ್ಕೆ ಅಡಿಗೊಂದು ಗಂಟು. ಗಂಟಿಲ್ಲದಿದ್ದರೆ ಒದ್ದೆ ಕೈ ಜಾರುತ್ತದೆ. ಒಂದು ಮೂಲೆಗೆ ಹಳೆಯ ಟೈರುಗಳನ್ನು ಒಂದಕ್ಕೊಂದು ಬಿಗಿದು ಏಣಿಯಂತೆ ಇಳಿಬಿಟ್ಟಿದ್ದೇವೆ. ಮೋಟರು ಮನೆಯ ಗೋಡೆಗೆ ಗಾಳಿ ತುಂಬಿದ ಟ್ಯೂಬು ಮತ್ತು ಬಿಗಿ ಮುಚ್ಚಳದ ಖಾಲಿ ಕ್ಯಾನು ನೇತುಹಾಕಿದೆ, ಎರಡಕ್ಕೂ ಉದ್ದ ಹಗ್ಗ ಉಂಟು. ಆ ಹಗ್ಗವನ್ನು ದನ ಕಟ್ಟಲು ಯಾರೂ ಬಿಚ್ಚಕೂಡದು. ಮಾವನವರು ಈಗಾಗಲೇ ಎರಡು ಸಲ ಬಿಚ್ಚಿ ಮಗಳ ಕೈಯಲ್ಲಿ ಬೈಸಿಕೊಂಡಿದ್ದಾರೆ.

ಬೇಲಿಯ ವಿಷಯ. ಕೃಷಿ ಭಾಗ್ಯ ಯೋಜನೆ 2023-24ರಲ್ಲಿ ಮತ್ತೆ ಬಂದಾಗ ಬದು, ಹೊಂಡ, ಪಂಪುಸೆಟ್ಟು, ತುಂತುರು ನೀರಾವರಿಯ ಜೊತೆಗೆ ಹೊಂಡದ ಸುತ್ತ ತಂತಿ ಬೇಲಿಯನ್ನೂ ಸೇರಿಸಿದರು. ಹೊಸದಾಗಿ ತೋಡಿಸುವವರು ರೈತ ಸಂಪರ್ಕ ಕೇಂದ್ರದಲ್ಲಿ ಬೇಲಿಯನ್ನು ಕೇಳಿ ಬರೆಸಿರಿ. ಅದಕ್ಕೂ ಮುಂಚೆ ತೋಡಿಸಿದವರ ಹೊಂಡಗಳಲ್ಲಿ ಬಹುಮಟ್ಟಿಗೆ ಬೇಲಿಯಿಲ್ಲ. ಅಂಥವರು ಕೈಯಲ್ಲಿ ಹಣವಾಗುವ ತನಕ ಬಳ್ಳಾರಿ ಜಾಲಿಯ ಮುಳ್ಳನ್ನಾದರೂ ಸುತ್ತ ಒಟ್ಟಬೇಕು. ಮುಳ್ಳು ಏರಿಯ ಹೊರಗೆ ಇರಲಿ, ಗಾಳಿಗೆ ಒಳಗೆ ಬಿದ್ದರೆ ಹಾಳೆ ತೂತಾಗುತ್ತದೆ. ಬಾಗಿಲಿನ ಚಿಲಕ ದೊಡ್ಡವರ ಎದೆಯ ಎತ್ತರಕ್ಕೆ ಇರಬೇಕು. ಇದರಿಂದ ಆಡು ಕುರಿ ಬೀಳುವುದೂ ತಪ್ಪುತ್ತದೆ. ಮಕ್ಕಳ ಮಾತಿಗೆ ಕದಲದ ಕೆಲವರು ಕುರಿಯ ಮಾತಿಗೆ ಕದಲಿದ್ದನ್ನು ನಾನು ಕಂಡಿದ್ದೇನೆ.

ಯಾರಾದರೂ ಬಿದ್ದರೆ, ಹಗ್ಗ ಎಸೆಯಿರಿ, ಗಳು ಚಾಚಿರಿ, ಸೀರೆ ಎಸೆಯಿರಿ, ನೀವು ಇಳಿಯಬೇಡಿರಿ. ಎತ್ತಿದ ಮೇಲೆ ಉಸಿರಿಲ್ಲದಿದ್ದರೆ ಕಾಲು ಹಿಡಿದು ತಲೆಕೆಳಗು ಮಾಡುವುದು, ಹೊಟ್ಟೆ ಅದುಮಿ ನೀರು ತೆಗೆಯುವುದು ಇವೆಲ್ಲ ಬೇಡ. ಅದರಿಂದ ಹೊತ್ತು ಹೋಗುತ್ತದೆ, ಹೊಟ್ಟೆಯಲ್ಲಿದ್ದದ್ದು ಶ್ವಾಸಕ್ಕೆ ಸಿಕ್ಕಿಕೊಳ್ಳುತ್ತದೆ. ಒಬ್ಬರು 108ಕ್ಕೆ ಫೋನು ಮಾಡತಕ್ಕದ್ದು. ಇನ್ನೊಬ್ಬರು ಮಗುವನ್ನು ಅಂಗಾತ ಮಲಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿ ಇಟ್ಟು ಎದೆ ಏಳುವಂತೆ ಮೊದಲು ಐದು ಸಲ ಉಸಿರು ಕೊಡಬೇಕು; ಅನಂತರ ಎದೆಯ ನಡುವೆ 30 ಸಲ ಒತ್ತುವುದು, 2 ಸಲ ಉಸಿರು, ಹೀಗೆ ಉಸಿರು ಬರುವವರೆಗೆ ಇಲ್ಲವೆ ಆಂಬುಲೆನ್ಸು ಬರುವವರೆಗೆ ನಿಲ್ಲಿಸದೆ ನಡೆಸಬೇಕು. ಇದು ಕೇಳಿ ಬರುವ ವಿದ್ಯೆಯಲ್ಲ, ಕೈಯಲ್ಲಿ ಮಾಡಿ ಕಲಿಯತಕ್ಕದ್ದು. ಆರೋಗ್ಯ ಕೇಂದ್ರದ ಸಿಸ್ಟರನ್ನು ಕರೆಸಿ ಬೊಂಬೆಯ ಮೇಲೆ ಮಾಡಿಸಿ ತೋರಿಸಬೇಕೆಂದು ಮಹಿಳಾ ಸಂಘದವರನ್ನು ಕೇಳಿಕೊಂಡಿದ್ದೇನೆ.

ಹೊಂಡವಿಲ್ಲದವರು ತಮಗೆ ಸಂಬಂಧವಿಲ್ಲವೆಂದು ತಿಳಿಯಬಾರದು. ಅಂಬೆಗಾಲಿಡುವ ಮಗುವಿಗೆ ಅರ್ಧ ಬಕೆಟ್ಟು ನೀರು ಸಾಕು. ತಲೆ ಭಾರ, ಬಗ್ಗಿದರೆ ಏಳಲಾರದು. ಸಂಪಿನ ಮುಚ್ಚಳ, ಡ್ರಮ್ಮಿನ ಮುಚ್ಚಳ, ದನದ ತೊಟ್ಟಿ ಇವನ್ನು ಈ ಸಂಜೆ ಮನೆಗೆ ಹೋದಾಗ ಒಮ್ಮೆ ನೋಡಿರಿ. ಮುಚ್ಚಿಟ್ಟರೆ ಡೆಂಗ್ಯೂ ಸೊಳ್ಳೆಯೂ ಮೊಟ್ಟೆಯಿಡುವುದಿಲ್ಲ.

ಕಡೆಯದಾಗಿ, ಆ ದಿನ ಹದಿಮೂರು ಜನ ದೊಡ್ಡವರಿದ್ದೂ ಹೇಗಾಯಿತು? ಹೆಂಗಸರು, ಗಂಡಸರು ಹೊಂಡದ ಕಡೆ ಇದ್ದಾರೆ, ನೋಡುತ್ತಾರೆ ಎಂದುಕೊಂಡರು. ನಾವು, ಮಗು ತಾಯಿಯ ಹತ್ತಿರ ಇರುತ್ತದೆ ಎಂದುಕೊಂಡೆವು. ಸಾಗರದಲ್ಲಿ ಇಬ್ಬರೇ ಇದ್ದೆವು, ಕೈ ಬಿಡಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಈಗ ಒಂದು ರೂಢಿ ಮಾಡಿಕೊಂಡಿದ್ದೇವೆ. ಮದುವೆ, ಜಾತ್ರೆ, ತೋಟದೂಟ ಎಲ್ಲಿಗೆ ಹೋದರೂ ಮಗುವನ್ನು ನೋಡುವವರು ಒಬ್ಬರು. ಅವರು ಬಾಯಿಬಿಟ್ಟು "ಈಗ ನಾನು ನೋಡುತ್ತೇನೆ" ಎನ್ನಬೇಕು. ಇನ್ನೊಬ್ಬರು "ಸರಿ, ನಾನು ನೋಡುತ್ತೇನೆ" ಎನ್ನುವವರೆಗೆ ಏಳಕೂಡದು, ಫೋನು ಹಿಡಿಯಕೂಡದು. ಸರದಿಯಲ್ಲಿ ಗಂಡಸರದೂ ಸರಿಪಾಲು. ಮೊದಮೊದಲು ನೆಂಟರು ನಕ್ಕರು. ಈಗ ಭಾವಮೈದನ ಮನೆಯಲ್ಲೂ ಹಾಗೆಯೇ ಹೇಳುತ್ತಾರೆ.

ಮಗಳು ಬಹಳ ದಿನ ಬಚ್ಚಲಿಗೆ ಹೋಗಲೂ ಹೆದರುತ್ತಿದ್ದಳು. ಬೆಂಡೆಗೆ ಅವಳ ಅಜ್ಜಿ ನೀರು ಹಾಕುತ್ತಿದ್ದರು. ಒಂದೂವರೆ ತಿಂಗಳಾದ ಮೇಲೆ ಒಂದು ಬೆಳಿಗ್ಗೆ ತಾನೇ ಚೊಂಬು ಹುಡುಕಿ ತೆಗೆದಳು. ಈ ವರ್ಷವೂ ಬೆಂಡೆ ಹಾಕಿದ್ದಾಳೆ, ಕಳೆದ ವರ್ಷ ಬಲಿಯಲು ಬಿಟ್ಟ ಕಾಯಿಯ ಬೀಜ. ಬೇಕಾದವರು ಮನೆಗೆ ಬಂದರೆ ಅವಳೇ ಎಣಿಸಿ ಕೊಡುತ್ತಾಳೆ. ಹನ್ನೊಂದಕ್ಕಿಂತ ಹೆಚ್ಚು ಕೊಡುವುದಿಲ್ಲ.

ಈ ಊರಿನಲ್ಲಿ ನನ್ನ ಲೆಕ್ಕಕ್ಕೆ ಹದಿನೇಳು ಹೊಂಡಗಳಿವೆ. ಬರುವ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಯುವಕ ಸಂಘದ ಹುಡುಗರೊಡನೆ ಕೆರೆ ಕಡೆಯ ಹೊಂಡದಿಂದ ಮೊದಲುಮಾಡುತ್ತೇವೆ. ಹಗ್ಗ ಹೊಂಡದ ಯಜಮಾನರು ತರಬೇಕು, ಒಂದು ಬದಿಗೆ ಮೂವತ್ತು ಅಡಿಯಂತೆ. ಹಳೆಯ ಟ್ಯೂಬುಗಳನ್ನು ಟ್ರಾಕ್ಟರು ಉಳ್ಳವರು ಕೊಡಲು ಒಪ್ಪಿದ್ದಾರೆ, ತೂತುಗಳನ್ನು ನಾನು ಮುಚ್ಚಿಸಿ ತರುತ್ತೇನೆ. ಹೆಸರನ್ನು ಈಗಲೇ ಕಾರ್ಯದರ್ಶಿಗಳ ಹತ್ತಿರ ಬರೆಸಿ ಹೋಗಿರಿ.